ತಲೆ ಹೋಯಿತು, ತಂತಿಯ ಚಿಂತೆ ಬಂತು

ಲಿಯೋ ಫೆಂಡರ್ 1951ರಲ್ಲಿ ಮಾರುಕಟ್ಟೆಗೆ ತಂದ ಪ್ರಿಸಿಷನ್ ಬೇಸ್ ಗಿಟಾರಿನ ತಲೆ ನೋಡುವುದಕ್ಕೆ ಬಿರಡೆ ಕೂರಿಸುವ ಹಲಗೆ, ಅಷ್ಟೇ. ಆದರೆ ಅದರಿಂದ ಇನ್ನೊಂದು ಉಪಕಾರವೂ ಇತ್ತು. ತಂತಿ ಬೇಕಾದ್ದಕ್ಕಿಂತ ನಾಲ್ಕು ಬೆರಳು ಉದ್ದವಿದ್ದರೆ ಹೆಚ್ಚಾದದ್ದನ್ನು ಬಿರಡೆಯೇ ಸುತ್ತಿಕೊಳ್ಳುತ್ತಿತ್ತು; ಯಾವ ಕಂಪನಿಯ ತಂತಿ ತಂದರೂ ಕೆಲಸ ನಡೆಯುತ್ತಿತ್ತು. ಪೀಠೋಪಕರಣ ವಿನ್ಯಾಸದಿಂದ ಬಂದ ನೆಡ್ ಸ್ಟೈನ್‌ಬರ್ಗರ್ 1980ರ ಸುಮಾರಿಗೆ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ತಯಾರಿಸಿದ ಎಲ್2 ಬೇಸ್ ಆ ತಲೆಯನ್ನೇ ತೆಗೆದುಹಾಕಿತು. ಕಾರ್ಬನ್ ನಾರಿನ ಮೈ, ಶ್ರುತಿ ಮಾಡುವ ತಿರುಪುಗಳೆಲ್ಲ ಬುಡದ ಬ್ರಿಡ್ಜ್‌ನಲ್ಲಿ; ತಂತಿಯ ಎರಡು ತುದಿಗೂ ಒಂದೊಂದು ಲೋಹದ ಗುಂಡು. ಮೇಲಿನ ಗುಂಡನ್ನು ಮೇಲ್ತುದಿಯ ಕಚ್ಚಿಗೆ ಸಿಕ್ಕಿಸಿ, ಕೆಳಗಿನದನ್ನು ಬ್ರಿಡ್ಜ್‌ನ ಹಿಡಿಕೆಗೆ ಕೂರಿಸಿ ತಿರುಪು ತಿರುಗಿಸಿದರೆ ಮುಗಿಯಿತು. ಸುತ್ತುವ, ಕತ್ತರಿಸುವ ರಗಳೆಯಿಲ್ಲ. ಈ ಸೊಗಸಿಗೂ ಒಂದು ಬೆಲೆಯಿತ್ತು. ಹಿಡಿಕೆ ಹಿಂದೆ ಸರಿಯುವುದು ತೀರಾ ಸ್ವಲ್ಪ. ಆದ್ದರಿಂದ ಎರಡು ಗುಂಡುಗಳ ನಡುವಿನ ಅಂತರ ಕರಾರುವಾಕ್ಕಾಗಿರಬೇಕು. ಉದ್ದವನ್ನು ಸರಿದೂಗಿಸುವ ಅಧಿಕಾರ ನುಡಿಸುವವನ ಕೈತಪ್ಪಿ ತಂತಿ ಕಾರ್ಖಾನೆಗೆ ಹೋಯಿತು.

ಈ ಪರಾವಲಂಬನೆ ಹೆಚ್ಚು ಕಾಡುವುದು ಮೆಟ್ಟಿಲುಗಳಿಲ್ಲದ ಫ್ರೆಟ್‌ಲೆಸ್ ಬೇಸ್‌ಗೆ. ಅಲ್ಲಿ ತಂತಿ ನೇರವಾಗಿ ಫಿಂಗರ್‌ಬೋರ್ಡನ್ನೇ ಒತ್ತುತ್ತದೆ. ಚಪ್ಪಟೆ ಸುತ್ತಿನ ತಂತಿಯ ದನಿ ಮೆತ್ತಗೆ, ಮರಕ್ಕೂ ಅದು ಹಿತ. ದುಂಡು ಸುತ್ತಿನದು ಝೇಂಕರಿಸುತ್ತದೆ, ಆದರೆ ಅರದಂತೆ ಮರವನ್ನು ಸವೆಸುತ್ತದೆ. ಬೇಸ್ ವಾದಕ ಜಾಕೋ ಪಾಸ್ಟೋರಿಯಸ್ ಮೆಟ್ಟಿಲು ತೆಗೆದ 1962ರ ಫೆಂಡರ್ ಜಾಝ್ ಬೇಸ್‌ಗೆ ದುಂಡು ಸುತ್ತಿನ ರೋಟೋಸೌಂಡ್ ತಂತಿ ಹಾಕಿ, ಮರ ಉಳಿಯಲೆಂದು ಎಪಾಕ್ಸಿ ಬಳಿದು ನುಡಿಸಿದ್ದ. ದನಿಯ ಅರ್ಧ ವ್ಯಕ್ತಿತ್ವ ತಂತಿಯ ಆಯ್ಕೆಯಲ್ಲೇ ಇರುವ ವಾದ್ಯವಿದು. ಎರಡು ಗುಂಡಿನ ತಂತಿ ಮಾಡುವವರು ಕೆಲವರೇ. ಅವರಲ್ಲಿ ಬೇಕಾದ ದಪ್ಪದ ಚಪ್ಪಟೆ ಸುತ್ತನ್ನು ಹುಡುಕಲು ಹೊರಟರೆ ಆಯ್ಕೆ ಇನ್ನಷ್ಟು ಕಿರಿದಾಗುತ್ತದೆ.

ಮಾಮೂಲಿ ತಂತಿಯನ್ನೇ ಕೂರಿಸುವ ಅಡಾಪ್ಟರ್ ಇದೆಯಲ್ಲ ಎನ್ನಬಹುದು. ಇದೆ: ಗುಂಡಿಲ್ಲದ ತುದಿಯನ್ನು ಅದರಲ್ಲಿ ತೂರಿಸಿ, ತಿರುಪಿನಿಂದ ಬಿಗಿದು, ಉಳಿದದ್ದನ್ನು ಕತ್ತರಿಸಬೇಕು. ಒಳಗಿನ ಉಕ್ಕಿನ ಎಳೆ ದುಂಡಗಿದ್ದರೆ ಕತ್ತರಿಸುವ ಮೊದಲು ತಂತಿಯನ್ನು ಮಡಿಸಲೇಬೇಕು. ಮರೆತರೆ ಹೊರಸುತ್ತು ಸಡಿಲಾಗಿ ನಾದ ಸತ್ತುಹೋಗುತ್ತದೆ. ಅಂದರೆ ಸ್ಟೈನ್‌ಬರ್ಗರ್ ತಪ್ಪಿಸಿದ್ದ ರಗಳೆಯೇ ಹಿತ್ತಿಲ ಬಾಗಿಲಿನಿಂದ ಒಳಬಂತು. ತಲೆಯಿಲ್ಲದ ಬೇಸ್ ಎಂಬತ್ತರ ದಶಕದ ಫ್ಯಾಷನ್, ಅದು ಹಿಂದೆ ಸರಿದದ್ದಕ್ಕೆ ತಂತಿಯನ್ನು ದೂರಬೇಕಿಲ್ಲ ಎಂಬ ವಾದವೂ ಉಂಟು. ರುಚಿ ಬದಲಾದದ್ದು ನಿಜ. ಆದರೆ ಫ್ಯಾಷನ್ ಒಂದೇ ಕಾರಣವಾಗಿದ್ದರೆ ಆ ರೂಪ ಮರಳಿದಾಗ ಹಳೆಯ ಏರ್ಪಾಡಿನೊಂದಿಗೇ ಮರಳಬೇಕಿತ್ತು. ಇಬಾನೆಜ್ ಕಂಪನಿ 2020ರಲ್ಲಿ ತಂದ ಇಎಚ್‌ಬಿ ಬೇಸ್‌ಗಳಿಗೆ ತಲೆಯಿಲ್ಲ, ಆದರೂ ಅವು ಸಾಮಾನ್ಯ ತಂತಿಯನ್ನೇ ಹಿಡಿಯುತ್ತವೆ. ತಲೆ ಬೇಡವೆಂಬ ಸ್ಟೈನ್‌ಬರ್ಗರ್‌ನ ತೀರ್ಮಾನ ಸರಿಯಾಗಿಯೇ ಇತ್ತು. ತಂತಿಯೂ ಬೇರೆಯೇ ಆಗಬೇಕೆಂಬುದು ಮಾತ್ರ ಅನಿವಾರ್ಯವಾಗಿರಲಿಲ್ಲ. ಪದೇಪದೇ ಸವೆಯುವ ಭಾಗವನ್ನು ಎಲ್ಲ ಅಂಗಡಿಯಲ್ಲೂ ಸಿಗುವಂತೆ ಬಿಟ್ಟ ವಿನ್ಯಾಸವೇ ಬಾಳಿಕೆ ಬರುತ್ತದೆ.