ಹಳೆಯ ಸುರಂಗ ಮುಚ್ಚಿದ ಕಥೆ

ವಿದ್ಯಾರ್ಥಿಗಳೇ, ಚಾಮರಾಜನಗರದ ಹಿರಿಯರನ್ನು ಕೇಳಿ ನೋಡಿ. ಬೆಂಗಳೂರಿನಿಂದ ಮೈಸೂರಿಗೆ 1990ರ ದಶಕದಲ್ಲೇ ಬ್ರಾಡ್‌ಗೇಜ್ ಬಂದಿತ್ತು. ಮೈಸೂರಿನಿಂದ ಚಾಮರಾಜನಗರಕ್ಕೆ ಮಾತ್ರ ಇನ್ನೂ ಹಲವು ವರ್ಷ ಮೀಟರ್‌ಗೇಜ್ ಹಳಿಯೇ ಇತ್ತು. ಒಂದರ ಬೋಗಿ ಇನ್ನೊಂದರ ಮೇಲೆ ಓಡದು. ಮೈಸೂರಿನಲ್ಲಿ ಇಳಿದು ಗಾಡಿ ಬದಲಿಸಬೇಕಿತ್ತು. (ಗುಂಡ್ಲುಪೇಟೆಯವರಿಗೆ ಈ ತಾಪತ್ರಯವಿರಲಿಲ್ಲ, ಅಲ್ಲಿಗೆ ಅಂದೂ ರೈಲಿಲ್ಲ, ಇಂದೂ ಇಲ್ಲ.) ಅಂತರ್ಜಾಲದಲ್ಲೂ ಇಂಥ ಎರಡು ಗೇಜುಗಳ ಕಾಲ ಬಂತು. ಅದು ಇನ್ನೂ ಪೂರ್ತಿ ಮುಗಿದಿಲ್ಲ.

ಜಾಲಕ್ಕೆ ಸೇರುವ ಗಣಕಕ್ಕೆ ವಿಳಾಸ ಬೇಕು. ಐಪಿ ನಿಯಮಾವಳಿಯ ನಾಲ್ಕನೆಯ ಆವೃತ್ತಿಯ ವಿಳಾಸ 32 ಬಿಟ್‌ಗಳದು. ಒಟ್ಟು ಸುಮಾರು 429 ಕೋಟಿ. ಇದು ಸಾಲದೆಂದು 128 ಬಿಟ್‌ಗಳ ಆರನೆಯ ಆವೃತ್ತಿಯನ್ನು 1995ರಲ್ಲಿ ಪ್ರಕಟಿಸಿದರು. ನಮ್ಮ ದೇಶದ ಸಾರ್ವಜನಿಕರಿಗೆ ಅಂತರ್ಜಾಲ ದೊರೆತದ್ದೂ ಅದೇ ವರ್ಷ. ಐದನೆಯದು ಎಲ್ಲಿ ಎನ್ನುವಿರಾ? ಆ ಅಂಕಿ ಬೇರೊಂದು ಪ್ರಯೋಗಕ್ಕೆ ಮೊದಲೇ ಸಂದಿತ್ತು.

ಹೊಸ ಜಾಲಗಳ ನಡುವೆ ಹಳೆಯ ಜಾಲವೇ ಹಬ್ಬಿದ್ದರಿಂದ ಹೊಸ ಪೊಟ್ಟಣವನ್ನು ಹಳೆಯ ಪೊಟ್ಟಣದೊಳಗಿಟ್ಟು ಸಾಗಿಸಿದರು. ಒಂದು ಗೇಜಿನ ಬೋಗಿಯನ್ನು ಇನ್ನೊಂದು ಗೇಜಿನ ಗಾಡಿಯ ಮೇಲೆ ಹೇರಿದಂತೆ! ಇದೇ 'ಸುರಂಗ'. ಅವುಗಳಲ್ಲಿ ಹೆಸರಾದದ್ದು 2001ರ 'ಸಿಕ್ಸ್ ಟು ಫೋರ್'. 2002 ಎಂಬ ಅಂಕಿಯ ಮುಂದೆ ನಿಮ್ಮ ಹಳೆಯ ವಿಳಾಸವನ್ನೇ ಬರೆದರೆ ಹೊಸ ವಿಳಾಸ ಸಿದ್ಧ. ಯಾರ ಅಪ್ಪಣೆಯೂ ಬೇಡ. ಜಾಣ ಉಪಾಯವೆಂಬುದನ್ನು ಒಪ್ಪಲೇಬೇಕು.

ತೊಂದರೆ ಇದ್ದದ್ದು ಸುರಂಗದ ಬಾಯಲ್ಲಿ. ಅಲ್ಲಿ ಪೊಟ್ಟಣ ಬಿಚ್ಚುವ ಮಧ್ಯವರ್ತಿ ಯಂತ್ರಗಳಿಗೆಲ್ಲ 192.88.99.1 ಎಂಬ ಒಂದೇ ವಿಳಾಸ. ಹತ್ತಿರವಿದ್ದದ್ದು ಕೆಲಸ ಮಾಡಬೇಕು. ಅದನ್ನು ನಡೆಸುವವರು ಯಾರೋ, ನಿಮಗೂ ಅವರಿಗೂ ಒಪ್ಪಂದವಿಲ್ಲ. ಹೋದ ದಾರಿಯಲ್ಲೇ ಉತ್ತರ ಬರುವ ಭರವಸೆಯೂ ಇಲ್ಲ. ಎಷ್ಟೋ ಕಡೆ ಕಾವಲು ಯಂತ್ರಗಳು ಇಂಥ ಪೊಟ್ಟಣವನ್ನು ಸದ್ದಿಲ್ಲದೆ ಎಸೆಯುತ್ತಿದ್ದವು. ವಿಂಡೋಸ್ ವಿಸ್ತಾದಂಥ ವ್ಯವಸ್ಥೆಗಳಲ್ಲಿ ಸುರಂಗ ತಾನಾಗಿಯೇ ತೆರೆದುಕೊಳ್ಳುತ್ತಿತ್ತು; ಬಳಕೆದಾರನಿಗೆ ಗೊತ್ತಾಗುತ್ತಿದ್ದದ್ದು ಪುಟ ತೆರೆಯುತ್ತಿಲ್ಲ ಎಂಬುದಷ್ಟೆ.

ಇದರ ಪೆಟ್ಟು ಹೊಸ ಆವೃತ್ತಿಗೇ ಬಿತ್ತು. ಆರನೆಯ ಆವೃತ್ತಿಯ ವಿಳಾಸ ಪ್ರಕಟಿಸಿದರೆ ಕೆಲವರಿಗೆ ತಾಣವೇ ಕಾಣದೆ ಹೋದೀತೆಂದು ದೊಡ್ಡ ತಾಣಗಳು ಅಳುಕಿದವು. ದಾಟಿಸಲು ಕಟ್ಟಿದ ಕಾಲುಸಂಕವೇ ಅಡ್ಡಗಟ್ಟಿತು! 2011ರ ಫೆಬ್ರವರಿಯಲ್ಲಿ ಹಳೆಯ ವಿಳಾಸಗಳ ಕೇಂದ್ರ ದಾಸ್ತಾನು ಬರಿದಾಯಿತು. 2012ರ ಜೂನ್ 6ರಂದು ಗೂಗಲ್ ಮೊದಲಾದವು ಹೊಸ ಆವೃತ್ತಿಯನ್ನು ಕಾಯಂ ಆಗಿ ತೆರೆದವು. 2015ರ ಮೇ ತಿಂಗಳಲ್ಲಿ ಆರ್‌ಎಫ್‌ಸಿ 7526 ಎಂಬ ದಸ್ತಾವೇಜು ಆ ಸಮಾನ ವಿಳಾಸದ ಮಧ್ಯವರ್ತಿ ಪದ್ಧತಿಯನ್ನು ಬಳಕೆಯಿಂದ ಕೈಬಿಟ್ಟಿತು.

ನಮ್ಮಲ್ಲಿ ದೂರಸಂಪರ್ಕ ಇಲಾಖೆ 2010ರಲ್ಲೇ ಮಾರ್ಗಸೂಚಿ ಹೊರಡಿಸಿತ್ತು. ಆದರೂ ವೇಗ ಬಂದದ್ದು 2016ರಲ್ಲಿ ಜಿಯೋ ಹೊಸ ಆವೃತ್ತಿಯೊಂದಿಗೇ ಸೇವೆ ಆರಂಭಿಸಿದ ಮೇಲೆ. ಇಂದು ಗೂಗಲ್ ಬಳಸುವ ಭಾರತೀಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಬರುವುದು ಆರನೆಯ ಆವೃತ್ತಿಯಿಂದ, ಸುರಂಗವಿಲ್ಲದೆ. ಗುಂಡ್ಲುಪೇಟೆಯ ಬಸ್ ನಿಲ್ದಾಣದಲ್ಲಿ ನಿಂತು ನಿಮ್ಮ ಮೊಬೈಲಿನ ಐಪಿ ವಿಳಾಸ ತೆರೆದು ನೋಡಿ. ನಡುನಡುವೆ ಜೋಡಿ ಚುಕ್ಕೆಗಳಿರುವ ಉದ್ದ ಸಾಲು ಕಂಡರೆ ಅದು ಆರನೆಯದು. ಅದರ ಮೊದಲ ಅಂಕಿಗಳು 2002 ಆಗಿರುವ ಸಂಭವ ತೀರ ಕಡಿಮೆ.