ಮಳೆಗಾಲದಲ್ಲಿ ಚಾಲಿ ಅಡಿಕೆ ಕೆಡದಂತೆ ಇಡೋದು ಹೇಗೆ?

ಕರಾವಳಿ, ಮಲೆನಾಡಿನಲ್ಲಿ ಮಳೆಗಾಲದ ಗಾಳಿಯ ತೇವಾಂಶ ಹೆಚ್ಚಾಗಿ ಶೇ. 80ಕ್ಕಿಂತ ಮೇಲೇ ಇರುತ್ತದೆ. ಒಣಗಿದ ಅಡಿಕೆ ಈ ತೇವ ಎಳೆದುಕೊಂಡರೆ ಬೂಷ್ಟು, ಹುಳ ಗ್ಯಾರಂಟಿ. ಮಂಡಿಯಲ್ಲಿ ರೇಟೂ ಬೀಳುತ್ತದೆ.

ಒಣಗಿಸುವುದು: ಚಾಲಿಗೆ 40-45 ದಿನ ಬಿಸಿಲು ಬೇಕು. ಅರೆಬರೆ ಒಣಗಿದ್ದನ್ನು ತುಂಬಬೇಡಿ.

ತಣಿಸುವುದು: ಅಂಗಳದಿಂದ ತಂದ ಬಿಸಿ ಅಡಿಕೆಯನ್ನು ಕೂಡಲೇ ಕಟ್ಟಿದರೆ ಚೀಲದೊಳಗೆ ಬೆವರುತ್ತದೆ. ಪೂರ್ತಿ ಆರಲಿ.

ಚೀಲ: ಒಳಗೆ ದಪ್ಪ ಪ್ಲಾಸ್ಟಿಕ್, ಹೊರಗೆ ಗೋಣಿ. ಬಾಯಿ ಬಿಗಿಯಾಗಿ ಕಟ್ಟಿ.

ಜಾಗ: ಹಲಗೆ ಮೇಲೆ, ಗೋಡೆಗೆ ತಾಗದಂತೆ ಜೋಡಿಸಿ. ಬರೀ ಸಿಮೆಂಟ್ ನೆಲ ಬೇಡ.

ಮಳೆ ಹೊಯ್ಯುವಾಗ ಚೀಲ ಬಿಚ್ಚಬೇಡಿ. ಒಳ್ಳೆ ಬಿಸಿಲು ಬಂದ ದಿನ ತೆರೆದು, ನಾಲ್ಕು ಅಡಿಕೆ ಒಡೆದು ನೋಡಿ. ಮುಗ್ಗಲು ವಾಸನೆ ಬಂದ ಚೀಲ ಬೇರೆ ಇಡಿ. ಒಳ್ಳೆಯದರ ಜೊತೆ ಬೆರೆತರೆ ಇಡೀ ಲಾಟಿನ ರೇಟೇ ಹೋಗುತ್ತದೆ.