ಶಾಲೆ ಕೊಠಡಿಗೆ ಹಣ ಕೂಡಿಸೋಕೆ ಲಕ್ಕಿ ಡ್ರಾ ಮಾಡ್ಬೋದಾ? ಪರ್ಮಿಶನ್ ಕೊಡೋರು ಯಾರು?

ಚಾಮರಾಜನಗರ ತಾಲ್ಲೂಕಿನ ಉಮ್ಮತ್ತೂರಿನಲ್ಲಿ ಒಂದು ಯುವಕ ಸಂಘ ಇದೆ ಅಂದ್ಕೊಳ್ಳಿ. ಸರ್ಕಾರಿ ಶಾಲೆಯ ಕೊಠಡಿ ರಿಪೇರಿಗೆ ಹಣ ಬೇಕು. ನೂರು ರೂಪಾಯಿಗೆ ಒಂದು ಕೂಪನ್, ಮೊದಲ ಬಹುಮಾನ ಬೈಕು, ಎರಡನೆಯದು ಟಗರು, ಮೂರನೆಯದು ಮಿಕ್ಸಿ. ಜಾತ್ರೆ ದಿನ ಡ್ರಾ. ಜಾಗಕ್ಕೆ ಗ್ರಾಮ ಪಂಚಾಯಿತಿಯ ಒಪ್ಪಿಗೆ ಸಿಕ್ಕಿದೆ, ಮೈಕಿಗೆ ಪೊಲೀಸ್ ಅನುಮತಿ ಬಂದಿದೆ. ಕಾಗದ ಎಲ್ಲಾ ಸರಿಯಾಗಿದೆ ಅಂತ ಹುಡುಗರು ನಿಶ್ಚಿಂತೆಯಿಂದ ಇದ್ದಾರೆ.

ಸಮಸ್ಯೆ ಇರೋದೇ ಅಲ್ಲಿ. ಆ ಎರಡೂ ಕಾಗದಗಳು ಜಾಗಕ್ಕೆ, ಮೈಕಿಗೆ ಕೊಟ್ಟವು. ಡ್ರಾಗೆ ಕೊಟ್ಟವಲ್ಲ.

ಕಾನೂನಿನ ಕಣ್ಣಲ್ಲಿ ಇದು ಏನು?

ಮೂರು ಅಂಶಗಳನ್ನು ನೋಡಿ. ಭಾಗವಹಿಸೋಕೆ ಹಣ ಕೊಡಬೇಕು, ಗೆಲ್ಲೋರು ಯಾರು ಅನ್ನೋದನ್ನು ಅದೃಷ್ಟ ತೀರ್ಮಾನಿಸುತ್ತದೆ, ಗೆದ್ದವರಿಗೆ ಬಹುಮಾನ ಸಿಗುತ್ತದೆ. ಈ ಮೂರೂ ಸೇರಿದರೆ ಅದು ಲಾಟರಿ. ಕೂಪನ್ ಅನ್ನಿ, ಲಕ್ಕಿ ಡಿಪ್ ಅನ್ನಿ, 'ಸಹಾಯಾರ್ಥ ಚೀಟಿ' ಅನ್ನಿ, ಹೆಸರು ಬದಲಾದರೆ ಸ್ವರೂಪ ಬದಲಾಗಲ್ಲ.

ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 297 ನೇರವಾಗಿ ಇದಕ್ಕೇ ಇದೆ. ಹಿಂದೆ ಐಪಿಸಿಯ 294ಎ ಆಗಿದ್ದದ್ದು 2024ರ ಜುಲೈ 1ರಿಂದ ಹೊಸ ನಂಬರಿನಲ್ಲಿ ಜಾರಿಯಲ್ಲಿದೆ. ರಾಜ್ಯದ ಲಾಟರಿ ಅಲ್ಲದ, ರಾಜ್ಯ ಸರ್ಕಾರ ಅಧಿಕೃತಗೊಳಿಸದ ಲಾಟರಿಯ ಡ್ರಾಗೆ ಕಚೇರಿ ಅಥವಾ ಜಾಗ ಇಟ್ಟುಕೊಂಡರೆ ಆರು ತಿಂಗಳವರೆಗೆ ಜೈಲು, ಅಥವಾ ದಂಡ, ಅಥವಾ ಎರಡೂ. ಅಂಥ ಲಾಟರಿಯ ಬಹುಮಾನದ ಪ್ರಚಾರಕ್ಕೆ 5,000 ರೂಪಾಯಿವರೆಗೆ ದಂಡ. ನಿಮ್ಮ ವಾಟ್ಸಾಪ್ ಪೋಸ್ಟರ್ ಕೂಡ ಇದರಡಿ ಬರಬಹುದು.

'ದುಡ್ಡು ನಮಗಲ್ಲ, ಶಾಲೆಗೆ' ಅನ್ನೋ ವಿನಾಯಿತಿ ಈ ಸೆಕ್ಷನ್ನಿನಲ್ಲಿ ಇಲ್ಲ.

ಹಾಗಾದ್ರೆ ಯಾರನ್ನ ಕೇಳಬೇಕು?

ಸೆಕ್ಷನ್ ಹೇಳೋದು 'ರಾಜ್ಯ ಸರ್ಕಾರ' ಅಂತ. ಪಿಡಿಒ ಅಲ್ಲ, ಸಬ್ ಇನ್ಸ್‌ಪೆಕ್ಟರ್ ಅಲ್ಲ, ತಹಶೀಲ್ದಾರ್ ಕೂಡ ಅಲ್ಲ. ಅವರಲ್ಲಿ ಯಾರಾದರೂ ಬಾಯಲ್ಲಿ 'ಮಾಡ್ಕೊಳ್ರಪ್ಪ' ಅಂದರೆ ಅದು ಅನುಮತಿ ಆಗಲ್ಲ. ನಾಳೆ ಆ ಅಧಿಕಾರಿ ವರ್ಗವಾದರೆ, ಅಥವಾ ಊರಿನ ಇನ್ನೊಂದು ಗುಂಪು ದೂರು ಕೊಟ್ಟರೆ, ಆ ಮಾತು ನಿಮ್ಮನ್ನು ಕಾಯಲ್ಲ.

ಸರ್ಕಾರದ ನಿಲುವು ಏನು? ಕರ್ನಾಟಕ 2007ರಲ್ಲಿ ಲಾಟರಿಯನ್ನು ನಿಷೇಧಿಸಿತು. ಕೂಲಿ ದುಡ್ಡು ಸಂಜೆಯೊಳಗೆ ಲಾಟರಿ ಅಂಗಡಿ ಸೇರುತ್ತಿದ್ದ ಕಾಲ ಅದು, ನಿಷೇಧಕ್ಕೆ ಕಾರಣ ಇತ್ತು. ಆದರೆ ಗುಂಡ್ಲುಪೇಟೆ ದಾಟಿ ಸುಲ್ತಾನ್ ಬತ್ತೇರಿಗೆ ಹೋದರೆ ಕೇರಳ ಸರ್ಕಾರದ ಟಿಕೆಟ್ ರಸ್ತೆಬದಿಯಲ್ಲೇ ಸಿಗುತ್ತದೆ. 2024ರ ತಿರುವೋಣಂ ಬಂಪರ್‌ನ 25 ಕೋಟಿ ಗೆದ್ದದ್ದು ಮಂಡ್ಯ ಜಿಲ್ಲೆಯ ಒಬ್ಬ ಮೆಕ್ಯಾನಿಕ್. ಅದೇ ಟಿಕೆಟನ್ನು ಗುಂಡ್ಲುಪೇಟೆಯಲ್ಲಿ ಮಾರಿದರೆ ಅಪರಾಧ. ಬೇರೆ ರಾಜ್ಯದ ಲಾಟರಿ ಮಾರಾಟ ತಡೆಯುವ ಅಧಿಕಾರವನ್ನು 1998ರ ಕೇಂದ್ರ ಕಾಯ್ದೆ ರಾಜ್ಯಗಳಿಗೆ ಕೊಟ್ಟಿದೆ.

ಕಂತಿನ ಲಕ್ಕಿ ಸ್ಕೀಮ್?

ತಿಂಗಳಿಗಿಷ್ಟು ಕಟ್ಟಿ, ಪ್ರತಿ ತಿಂಗಳೂ ಡ್ರಾದಲ್ಲಿ ಒಬ್ಬರಿಗೆ ಬಹುಮಾನ ಅನ್ನೋ ಸ್ಕೀಮು ಇನ್ನೂ ಅಪಾಯ. 1978ರ ಪ್ರೈಜ್ ಚಿಟ್ಸ್ ನಿಷೇಧ ಕಾಯ್ದೆಯಡಿ ಮೂರು ವರ್ಷದವರೆಗೆ ಜೈಲು ಆಗಬಹುದು. ಗಮನಿಸಿ, ಈ ಕಾಯ್ದೆಯಲ್ಲಿ ಮಾತ್ರ ದತ್ತಿ ಮತ್ತು ಶಿಕ್ಷಣ ಸಂಸ್ಥೆಗಳಿಗೆ ಒಂದು ಕಿಂಡಿ ಇದೆ: ರಾಜ್ಯ ಸರ್ಕಾರ ರಿಸರ್ವ್ ಬ್ಯಾಂಕ್ ಜೊತೆ ಸಮಾಲೋಚಿಸಿ ಅಧಿಸೂಚನೆ ಹೊರಡಿಸಿದ ಸಂಸ್ಥೆಗೆ ವಿನಾಯಿತಿ. ಊರಿನ ಯುವಕ ಸಂಘ ರಿಸರ್ವ್ ಬ್ಯಾಂಕಿನ ತನಕ ಹೋಗುತ್ತಾ?

ತಂಬೋಲಾ, ಆನ್‌ಲೈನ್ ಆಟ?

ಹಣ ಕಟ್ಟಿ ಆಡುವ ಅದೃಷ್ಟದಾಟಕ್ಕೆ 1963ರ ಕರ್ನಾಟಕ ಪೊಲೀಸ್ ಕಾಯ್ದೆ ಇದೆ. ಕೌಶಲದ ಆಟಗಳನ್ನು ಅದೇ ಕಾಯ್ದೆಯ ಸೆಕ್ಷನ್ 176 ಹೊರಗಿಡುತ್ತದೆ. ತಂಬೋಲಾದಲ್ಲಿ ನಂಬರು ಬರೋದು ಅದೃಷ್ಟದಿಂದ, ಹಾಗಾಗಿ ಕೌಶಲ ಅಂತ ವಾದಿಸೋದು ಕಷ್ಟ. ಆನ್‌ಲೈನ್‌ಗೆ ಹೋದರೆ ಇನ್ನೂ ಬಿಗಿ. 2025ರ ಆಗಸ್ಟ್‌ನಲ್ಲಿ ಸಂಸತ್ತು ಪಾಸು ಮಾಡಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ಕೌಶಲವೋ ಅದೃಷ್ಟವೋ ಅಂತ ನೋಡದೆ ಹಣದ ಆಟಗಳನ್ನು ನಿಷೇಧಿಸಿದೆ. ನಡೆಸುವವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿವರೆಗೆ ದಂಡ.

ಹಾಗಾದ್ರೆ ಏನ್ ಮಾಡ್ಬೋದು?

ಮೇಲಿನ ಮೂರು ಅಂಶಗಳಲ್ಲಿ ಒಂದನ್ನು ನಿಜವಾಗಿ ತೆಗೆಯಿರಿ.

- ಅದೃಷ್ಟ ತೆಗೆಯಿರಿ: ಕಬಡ್ಡಿ, ಕ್ರಿಕೆಟ್, ರಂಗೋಲಿ ಸ್ಪರ್ಧೆಗೆ ಪ್ರವೇಶ ಶುಲ್ಕ ಇಡಿ. ಆದರೆ ಅಂಗಳದ ಹೊರಗೆ ಬೆಟ್ಟಿಂಗ್ ನಡೆಯಲು ಬಿಡಬೇಡಿ.
- ಹರಾಜು ಹಾಕಿ: ಗಣೇಶನ ಲಡ್ಡು ಕೂಗುತ್ತಾರಲ್ಲ, ಅದೇ ದಾರಿ. ಹೆಚ್ಚು ಕೂಗಿದವರಿಗೆ ವಸ್ತು ಸಿಗುತ್ತದೆ, ಅದೃಷ್ಟಕ್ಕೆ ಜಾಗ ಇಲ್ಲ. ಟಗರನ್ನೇ ಹರಾಜಿಗಿಡಿ.
- ಶುಲ್ಕ ತೆಗೆಯಿರಿ: ಬಂದವರಿಗೆಲ್ಲ ಉಚಿತ ಚೀಟಿ ಕೊಟ್ಟು ಡ್ರಾ ಮಾಡಿ, ದೇಣಿಗೆ ಡಬ್ಬಿ ಬೇರೆ ಇಡಿ. 'ದೇಣಿಗೆ ಕೊಟ್ಟವರಿಗೆ ಮಾತ್ರ ಚೀಟಿ' ಅಂದರೆ ಮತ್ತೆ ಲಾಟರಿಯೇ.
- ಲೆಕ್ಕ ಇಡಿ: ರಸೀದಿ ಪುಸ್ತಕ, ಸಂಘದ ಹೆಸರಲ್ಲೇ ಬ್ಯಾಂಕ್ ಖಾತೆ. ಕಾರ್ಯಕ್ರಮ ಮುಗಿದ ಮೇಲೆ ಖರ್ಚುವೆಚ್ಚ ಶಾಲೆಯ ನೋಟಿಸ್ ಬೋರ್ಡಿಗೆ.
- ಮೈಕು: ಲಿಖಿತ ಅನುಮತಿ ಬೇಕೇ ಬೇಕು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಹಾಕುವಂತಿಲ್ಲ.

ಈಗ ರಾಜಕೀಯದ ಪ್ರಶ್ನೆ

ಇದೇ ರಾಜ್ಯದಲ್ಲಿ ಕುದುರೆ ರೇಸಿಗೆ 1952ರ ಮೈಸೂರು ರೇಸ್ ಕೋರ್ಸ್ ಲೈಸೆನ್ಸಿಂಗ್ ಕಾಯ್ದೆಯಡಿ ಪರವಾನಗಿ ಸಿಗುತ್ತದೆ. ಕುದುರೆ ರೇಸು ಕೌಶಲದ ಆಟ ಅಂತ ಸುಪ್ರೀಂ ಕೋರ್ಟ್ 1996ರಲ್ಲಿ ಹೇಳಿತು. ದೊಡ್ಡ ಕ್ಲಬ್ಬಿಗೆ ಒಂದು ಕಾಯ್ದೆ, ಒಂದು ಲೈಸೆನ್ಸ್, ಒಂದು ತೀರ್ಪು ಇದೆ. ಉಮ್ಮತ್ತೂರಿನ ಹುಡುಗರಿಗೆ ಇರೋದು ಸ್ಟೇಷನ್ನಿನ ಮರ್ಜಿ.

ಬೇರೆ ದಾರಿ ಇಲ್ಲ ಅಂತೇನಿಲ್ಲ. ಬ್ರಿಟನ್ನಿನಲ್ಲಿ ಕಾರ್ಯಕ್ರಮದ ನಡುವೆ ನಡೆಸುವ ದತ್ತಿ ಡ್ರಾಗೆ ಲೈಸೆನ್ಸೇ ಬೇಡ. ಆದರೆ ಬಂದ ಹಣದಲ್ಲಿ ಬಹುಮಾನಕ್ಕೆ 500 ಪೌಂಡ್, ಖರ್ಚಿಗೆ 100 ಪೌಂಡ್ ಮೀರಿ ಮುರಿದುಕೊಳ್ಳುವಂತಿಲ್ಲ. ಹೊರಗೆ ಟಿಕೆಟ್ ಮಾರುವ ಸಣ್ಣ ಸಂಘಗಳು ಸ್ಥಳೀಯ ಕೌನ್ಸಿಲ್‌ನಲ್ಲಿ 40 ಪೌಂಡ್ ಕಟ್ಟಿ ನೋಂದಾಯಿಸಿಕೊಳ್ಳಬೇಕು, ಬಂದದ್ದರಲ್ಲಿ ಕನಿಷ್ಠ ಶೇ 20 ಉದ್ದೇಶಕ್ಕೇ ಹೋಗಬೇಕು.

ನಮ್ಮ ಸಂವಿಧಾನದಲ್ಲೂ ಜೂಜು ಮತ್ತು ಬಾಜಿ ರಾಜ್ಯಪಟ್ಟಿಯ 34ನೇ ವಿಷಯ. ಮೈಸೂರು ರಾಜ್ಯ 1951ರಲ್ಲೇ ಲಾಟರಿ, ಬಹುಮಾನ ಸ್ಪರ್ಧೆಗಳನ್ನು ನಿಯಂತ್ರಿಸಿ ತೆರಿಗೆ ಹಾಕುವ ಕಾಯ್ದೆ ಮಾಡಿತ್ತು. ಹಾಗಾಗಿ ದೊಡ್ಡ ಲಾಟರಿಯ ಬಾಗಿಲು ಮುಚ್ಚಿಟ್ಟುಕೊಂಡೇ ಊರಿನ ಸಣ್ಣ ಡ್ರಾಗೆ ಸ್ಪಷ್ಟ ನಿಯಮ ಬರೆಯಬಹುದು: ಬಹುಮಾನಕ್ಕೆ ಮಿತಿ, ನಗದು ಬಹುಮಾನ ಇಲ್ಲ, ಒಂದೇ ದಿನದ ಮಾರಾಟ, ಗ್ರಾಮಸಭೆ ಮುಂದೆ ಲೆಕ್ಕ.

ಬೇಡ ಅನ್ನೋದೂ ಒಂದು ನಿಲುವೇ. ಹಾಗಾದರೆ ಅದನ್ನೂ ಎಲ್ಲರಿಗೂ ಒಂದೇ ಥರ ಹೇಳಲಿ. ಒಂದೂರಲ್ಲಿ ಶಾಸಕರೇ ಬಂದು ಚೀಟಿ ಎತ್ತೋದು, ಇನ್ನೊಂದೂರಲ್ಲಿ ಎಫ್‌ಐಆರ್ ಬೀಳೋದು, ಹಾಗಾಗಬಾರದು. ನಿಮ್ಮ ಶಾಸಕರು ಮುಂದಿನ ಸಲ ಊರಿಗೆ ಬಂದಾಗ ಕೇಳಿ: ಈ ಪರ್ಮಿಶನ್ ಕೊಡೋ ಅಧಿಕಾರಿ ಯಾರು, ಅರ್ಜಿ ಫಾರಂ ಎಲ್ಲಿ ಸಿಗುತ್ತೆ? ಉತ್ತರ ಬರೋವರೆಗೂ ಕೂಪನ್ ಪ್ರಿಂಟ್ ಹಾಕಿಸಬೇಡಿ.